ಪೂರ್ವವನ್ನು ಉತ್ತರದಿಂದ ಗುಣಿಸಿದರೆ ಏನು ಬರುತ್ತೆ? ಜಾಮೆಟ್ರಿಕ್ ಕ್ಯಾಲ್ಕುಲಸ್ ಗೊತ್ತಿರುವವರು ದಯವಿಟ್ಟು ಹೇಳಿ

ಗಂಗೋತ್ರಿ ಹಾಸ್ಟೆಲ್

ಎಲ್ಲರಿಗೂ ನಮಸ್ಕಾರ. ನಾನು ಮಾನಸಗಂಗೋತ್ರಿಯಲ್ಲಿ ಫಿಸಿಕ್ಸ್ ಎಂಎಸ್ಸಿ ಮೊದಲ ವರ್ಷ. ಊರು ಮಂಡ್ಯದ ಕಡೆ.

ಒಂದು ವಾರದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಬೆಳಗ್ಗೆ ಕ್ವಾಂಟಮ್ ಕ್ಲಾಸಿನಲ್ಲಿ ಪೌಲಿ ಮ್ಯಾಟ್ರಿಕ್ಸ್ ಬಂತು, ಎಲೆಕ್ಟ್ರಾನಿನ ಸ್ಪಿನ್ (ಅದರದೇ ಸುತ್ತುವ ಗುಣ) ಬರೆಯಲು ಬಳಸುವ ಮೂರು ಸಂಖ್ಯಾ ಚೌಕಗಳು. ಮೊದಲನೆಯದನ್ನು ಎರಡನೆಯದರಿಂದ ಗುಣಿಸಿದರೆ ಐ (ವರ್ಗ ಮಾಡಿದರೆ −1 ಆಗುವ ಸಂಖ್ಯೆ) ಸಲ ಮೂರನೆಯದು. ಹಿಂದುಮುಂದಾಗಿ ಗುಣಿಸಿದರೆ ಮೈನಸ್. ಮಧ್ಯಾಹ್ನ ಎಲೆಕ್ಟ್ರೋಡೈನಮಿಕ್ಸ್ ಕ್ಲಾಸಿನಲ್ಲಿ ವೆಕ್ಟರುಗಳ (ಉದ್ದ, ದಿಕ್ಕು ಎರಡೂ ಇರುವ ಬಾಣಗಳ) ಕ್ರಾಸ್ ಪ್ರಾಡಕ್ಟ್. ಅಲ್ಲೂ ಹಿಂದುಮುಂದಾದರೆ ಮೈನಸ್. ರಾತ್ರಿ ಎರಡು ನೋಟ್ಸ್ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಎರಡರಲ್ಲೂ ಒಂದೇ ವಿಷಯ ಇದೆ ಅನ್ನಿಸಿತು. ಆದರೆ ಒಂದು ಕಡೆ ಐ ಇದೆ, ಇನ್ನೊಂದು ಕಡೆ ಇಲ್ಲ.

ಸೀನಿಯರ್ ಒಬ್ಬರನ್ನು ಕೇಳಿದೆ. "ಅದು ಜಾಮೆಟ್ರಿಕ್ ಆಲ್ಜೀಬ್ರ. ಅದರ ಮೇಲೆ ಕ್ಯಾಲ್ಕುಲಸ್ ಕೂಡ ಕಟ್ಟಿದ್ದಾರೆ. ವಿದ್ಯುತ್ತು, ಕಾಂತ ಎರಡನ್ನೂ ಹೇಳುವ ಮ್ಯಾಕ್ಸ್‌ವೆಲ್ ಸಮೀಕರಣ ನಾಲ್ಕೂ ಸೇರಿ ಒಂದೇ ಸಾಲಾಗುತ್ತೆ" ಅಂದರು. ಪುಸ್ತಕ ತೆಗೆದರೆ ಮೊದಲ ಪುಟದಲ್ಲೇ ವೆಕ್ಟರನ್ನು ವೆಕ್ಟರಿನಿಂದ ಸುಮ್ನೆ ಗುಣಿಸಿಬಿಟ್ಟಿದ್ದಾರೆ. ಡಾಟ್ ಇಲ್ಲ, ಕ್ರಾಸ್ ಇಲ್ಲ. ಹಾಗೆ ಗುಣಿಸುವುದು ಅಂದರೆ ಏನು? ಆ ಐ ಎಲ್ಲಿಂದ ಬರುತ್ತದೆ? ನಿಧಾನವಾಗಿ ಹೇಳುವವರು ಯಾರಾದರೂ ಇದ್ದೀರಾ?

ನಾಲೆ ಬಯಲು ಮೇಷ್ಟ್ರು

ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀಯ ಮಗು. ನಾನು ಮಂಡ್ಯದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಈ ವಿಷಯ ನಿವೃತ್ತಿಯಾದ ಮೇಲೆ ಕಲಿತೆ. ಆಗಿನಿಂದ ಇದನ್ನು ಬಿಟ್ಟು ಬೇರೆ ಯೋಚನೆ ಕಡಿಮೆ.

ಅಕ್ಷರ ಬೇಡ, ದಿಕ್ಕನ್ನೇ ಇಟ್ಟುಕೊಳ್ಳೋಣ. ಪೂರ್ವಕ್ಕೆ ಒಂದು ಹೆಜ್ಜೆ, ಅದು ಪೂ. ಉತ್ತರಕ್ಕೆ ಒಂದು ಹೆಜ್ಜೆ, ಅದು ಉ. ನಿಯಮ ಒಂದೇ: ಯಾವುದೇ ವೆಕ್ಟರನ್ನು ಅದರಿಂದಲೇ ಗುಣಿಸಿದರೆ ಅದರ ಉದ್ದದ ವರ್ಗ ಬರಬೇಕು. ಹಾಗಾಗಿ ಪೂ ಪೂ = 1, ಉ ಉ = 1. ಈಗ ಈಶಾನ್ಯಕ್ಕೆ ಹೋಗುವ (ಪೂ + ಉ) ತಗೋ. ಪೈಥಾಗರಸ್ ಪ್ರಕಾರ ಅದರ ಉದ್ದದ ವರ್ಗ 2. ಬಿಡಿಸಿ ಗುಣಿಸಿದರೆ ಪೂ ಪೂ + ಪೂ ಉ + ಉ ಪೂ + ಉ ಉ. ಮೊದಲನೆಯದು 1, ಕೊನೆಯದು 1. ಅಲ್ಲಿಗೆ 2 ಆಯಿತು. ಹಾಗಾದರೆ ನಡುವಿನ ಎರಡೂ ಸೇರಿ ಸೊನ್ನೆ ಆಗಲೇಬೇಕು, ಅಲ್ವಾ? ಅಂದರೆ ಪೂ ಉ = − ಉ ಪೂ. ನಿನ್ನ ಮೈನಸ್ ಬಂದದ್ದು ಇಲ್ಲಿಂದ. ಪೈಥಾಗರಸ್ ಹೇಳಿದ್ದನ್ನು ಒಪ್ಪಿದರೆ ಇದನ್ನೂ ಒಪ್ಪಿದ ಹಾಗೆ.

ಈಗ ಪೂ ಉ ಅನ್ನುವುದನ್ನೇ ವರ್ಗ ಮಾಡು. ಪೂ ಉ ಪೂ ಉ. ನಡುವಿನ ಎರಡನ್ನು ಅದಲು ಬದಲು ಮಾಡಿದರೆ ಒಂದು ಮೈನಸ್ ಹೊರಗೆ ಬರುತ್ತದೆ: − ಪೂ ಪೂ ಉ ಉ. ಅಂದರೆ −1.

ಹಾಳೆಯ ಮೇಲೆ ಇದನ್ನು ಮೊದಲ ಸಲ ಬರೆದ ದಿನ ನಾನು ಎದ್ದು ಹೋಗಿ ಜಗುಲಿಯಲ್ಲಿ ಕೂತುಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ "ಐ ಅನ್ನುವುದು ಕಾಲ್ಪನಿಕ ಸಂಖ್ಯೆ, ಹಾಗೆ ಅಂದುಕೊಳ್ಳಿ" ಅಂತ ಹೇಳಿದ್ದೆ. ಇಲ್ಲಿ ಕಲ್ಪನೆ ಏನೂ ಇಲ್ಲ. ಪೂ ಉ ಅಂದರೆ ನಿಂತ ನೆಲ. ಪೂರ್ವದಿಂದ ಉತ್ತರದ ಕಡೆಗೆ ಸುತ್ತುವ ಒಂದು ತುಂಡು ನೆಲ.

ಅದು ಏನು ಮಾಡುತ್ತದೆ ಅಂತಲೂ ನೋಡು. ಪೂರ್ವಕ್ಕೆ ಮುಖ ಮಾಡಿ ನಿಲ್ಲು. ಪೂ ಅನ್ನು ಪೂ ಉ ಇಂದ ಗುಣಿಸು: ಪೂ ಪೂ ಉ = ಉ. ಉತ್ತರಕ್ಕೆ ತಿರುಗಿದೆ. ಇನ್ನೊಂದು ಸಲ ಗುಣಿಸು: ಉ ಪೂ ಉ = − ಪೂ. ಪಶ್ಚಿಮಕ್ಕೆ ತಿರುಗಿದೆ. ಎರಡು ಸಲ ಎಡಕ್ಕೆ ತಿರುಗಿದರೆ ಬೆನ್ನಿದ್ದ ಕಡೆಗೆ ಮುಖ ಬರುತ್ತದೆ. ವರ್ಗ ಮಾಡಿದರೆ −1 ಅನ್ನುವುದರ ಅರ್ಥ ಇಷ್ಟೇ.

ಒಂಬತ್ತನೇ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ನಮ್ಮ ಮಹಾವೀರಾಚಾರ್ಯ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಎಂದು ಹೇಳಿದ್ದರು. ಸಂಖ್ಯೆಗಳೊಳಗೆ ಹುಡುಕಿದರೆ ಅವರ ಮಾತು ಪೂರ್ತಿ ಸರಿ. ವರ್ಗಮೂಲ ಸಿಕ್ಕಿದ್ದು ದಿಕ್ಕುಗಳ ಲೆಕ್ಕದಲ್ಲಿ.

ಪಿಯು ಎರಡನೇ ವರ್ಷ

ಮೇಷ್ಟ್ರೇ, ಹಾಗಾದರೆ ಪೂರ್ವ ಕ್ರಾಸ್ ಉತ್ತರ ಅಂದರೆ ಮೇಲಕ್ಕೆ ಅಂತ ನಮಗೆ ಹೇಳಿಕೊಟ್ಟಿದ್ದಾರಲ್ಲ? ಬಲಗೈ ಹೆಬ್ಬೆರಳು ತೋರಿಸುವ ದಿಕ್ಕು. ಅದು ತಪ್ಪಾ?

ನಾಲೆ ಬಯಲು ಮೇಷ್ಟ್ರು

ತಪ್ಪಲ್ಲಮ್ಮ. ಪರೀಕ್ಷೆಯಲ್ಲಿ ಹಾಗೇ ಬರಿ. ಆದರೆ ಬುಗುರಿ ಸುತ್ತುವುದನ್ನು ಒಂದು ಸಲ ಗಮನಿಸು. ಸುತ್ತುತ್ತಿರುವುದು ಅದರ ಮೈ, ಒಂದು ಸಮತಲದಲ್ಲಿ. ಮೇಲಕ್ಕೆ ಬಾಣ ಬರೆದವರು ನಾವು. ಮೂರು ಆಯಾಮದಲ್ಲಿ ಒಂದು ಸಮತಲಕ್ಕೆ ಲಂಬವಾಗಿ ಒಂದೇ ಗೆರೆ ಇರುವುದರಿಂದ ಆ ಗುರುತು ಸಾಕಾಗುತ್ತದೆ. ಬರೀ ಹಾಳೆಯ ಮೇಲೆ ಬದುಕುವ ಇರುವೆಗೆ ಲಂಬ ದಿಕ್ಕೇ ಇಲ್ಲ. ಆದರೂ ಅದು ಸುತ್ತಬಲ್ಲದು. ನಾಲ್ಕು ಆಯಾಮಕ್ಕೆ ಹೋದರೆ ಲಂಬ ದಿಕ್ಕು ಒಂದಕ್ಕಿಂತ ಜಾಸ್ತಿ, ಯಾವುದನ್ನು ಆರಿಸುತ್ತೀಯ? ಸಮತಲವನ್ನೇ ಇಟ್ಟುಕೊಂಡರೆ ಈ ಕಷ್ಟ ಯಾವುದೂ ಇಲ್ಲ.

ಯಾವುದೇ ಎರಡು ವೆಕ್ಟರ್ ಕ, ಖ ತಗೊಂಡರೂ ಕ ಖ = ಕ·ಖ + ಕ∧ಖ. ಮೊದಲ ಭಾಗ ಬರೀ ಸಂಖ್ಯೆ, ನಿಮ್ಮ ಡಾಟ್. ಎರಡನೆಯದು ಸಮತಲದ ತುಂಡು. ಅದಕ್ಕೆ ಬೈವೆಕ್ಟರ್ ಅನ್ನುತ್ತಾರೆ.

ಕೈಯಂತ್ರ

ನಾನು ಮೈಸೂರಿನಲ್ಲೇ ರೋಬೋಟ್ ತೋಳುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಈ ಗಣಿತ ನನ್ನ ಕೈಗೆ ಬಂದದ್ದು ಒಂದು ತಪ್ಪಿನಿಂದ. ಅದನ್ನು ಹೇಳುತ್ತೇನೆ.

ತೋಳು ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗಬೇಕಿತ್ತು. ಹತ್ತು ಡಿಗ್ರಿಯಷ್ಟು ತಿರುಗಿದರೆ ಸಾಕು. ಅದು ಉಲ್ಟಾ ದಿಕ್ಕಿನಲ್ಲಿ ಇಡೀ ಸುತ್ತು ಹಾಕಿಕೊಂಡು ಬಂತು. ಪಕ್ಕದಲ್ಲಿದ್ದ ಟ್ರೇ ಕೆಳಗೆ ಬಿತ್ತು. ಪುಣ್ಯಕ್ಕೆ ಯಾರೂ ಹತ್ತಿರ ಇರಲಿಲ್ಲ. ನಾವು ತಿರುಗುವಿಕೆಯನ್ನು ಕ್ವಾಟರ್ನಿಯನ್ ಆಗಿ, ನಾಲ್ಕು ಸಂಖ್ಯೆಯಲ್ಲಿ ಇಡುತ್ತೇವೆ. ಆ ನಾಲ್ಕಕ್ಕೂ ಮೈನಸ್ ಹಾಕಿದರೂ ಅದೇ ಭಂಗಿ. ನನ್ನ ಕೋಡು ಎರಡನೇ ಭಂಗಿಯ ಮೈನಸ್ ರೂಪ ಹಿಡಿದಿತ್ತು. ಹಾಗಾಗಿ ಉದ್ದದ ದಾರಿ. ಎರಡರ ಡಾಟ್ ನೋಡಿ, ಋಣ ಬಂದರೆ ಒಂದರ ಚಿಹ್ನೆ ತಿರುಗಿಸು. ಒಂದು ಸಾಲಿನಲ್ಲಿ ರಿಪೇರಿ ಆಯಿತು.

ಆದರೆ ಒಂದೇ ಭಂಗಿಗೆ ಎರಡು ಹೆಸರು ಯಾಕೆ? ಸೂತ್ರದಲ್ಲಿ ಕೋನದ ಅರ್ಧ ಯಾಕೆ? ಅದನ್ನು ಯಾರೂ ಹೇಳಿರಲಿಲ್ಲ. ಉತ್ತರ ಸಿಕ್ಕಿದ್ದು ದೇವರಾಜ ಅರಸು ರಸ್ತೆಯ ಒಂದು ಬಟ್ಟೆ ಅಂಗಡಿಯಲ್ಲಿ. ಟ್ರಯಲ್ ರೂಮಿನ ಮೂಲೆಯಲ್ಲಿ ಎರಡು ಕನ್ನಡಿ 90 ಡಿಗ್ರಿಗೆ ಸೇರಿದ್ದವು. ಸರಿಯಾಗಿ ಮೂಲೆಯೊಳಗೆ ನೋಡಿದೆ. ನನ್ನ ಬೈತಲೆ ಪಕ್ಕಕ್ಕೆ ಇರುತ್ತದೆ. ಮನೆ ಕನ್ನಡಿಯಲ್ಲಿ ಅದು ನನ್ನ ಎಡಗೈ ಕಡೆ ಕಾಣುತ್ತದೆ, ಇಲ್ಲಿ ಬಲಗಡೆ ಕಂಡಿತು. ಬಲಗೈ ಎತ್ತಿದೆ. ಮೂಲೆಯಲ್ಲಿದ್ದವಳೂ ಅವಳ ಬಲಗೈಯನ್ನೇ ಎತ್ತಿದಳು. ನನ್ನೆದುರು ತಿರುಗಿ ನಿಂತ ನಿಜವಾದ ಮನುಷ್ಯಳ ಹಾಗೆ. ಒಂದು ಕನ್ನಡಿ ಎಡಬಲ ಬದಲಿಸಿತು, ಎರಡನೆಯದು ಸರಿ ಮಾಡಿತು. ಉಳಿದದ್ದು ಬರೀ ತಿರುಗುವಿಕೆ. ಕನ್ನಡಿಗಳ ನಡುವಿನ ಕೋನ 90, ನಾನು ತಿರುಗಿದ್ದು 180.

ಜಾಮೆಟ್ರಿಕ್ ಆಲ್ಜೀಬ್ರದಲ್ಲಿ ಕನ್ನಡಿ ಅಂದರೆ ಅದಕ್ಕೆ ಲಂಬವಾದ ಒಂದು ಯೂನಿಟ್ ವೆಕ್ಟರ್ ನ. ವ ಅನ್ನುವ ವೆಕ್ಟರಿನ ಪ್ರತಿಬಿಂಬ − ನ ವ ನ. ಎರಡು ಕನ್ನಡಿ ಇಟ್ಟರೆ ಆ ಎರಡು ವೆಕ್ಟರುಗಳ ಗುಣಲಬ್ಧ ಎರಡೂ ಕಡೆಯಿಂದ ಬಂದು ಕೂರುತ್ತದೆ. ಆ ಗುಣಲಬ್ಧಕ್ಕೆ ರೋಟರ್ ಅಂತ ಹೆಸರು. ಕ್ವಾಟರ್ನಿಯನ್ ಅಂದರೆ ಅದೇ. ಅದರೊಳಗೆ ಇರುವುದು ಕನ್ನಡಿಗಳ ನಡುವಿನ ಕೋನ, ಅಂದರೆ ತಿರುಗಿದ್ದರ ಅರ್ಧ. ಎರಡು ಕಡೆಯಿಂದ ಗುಣಿಸುವುದರಿಂದ ಮೈನಸ್ ಮೈನಸ್ ಹೊಡೆದುಹೋಗುತ್ತದೆ. ಅದಕ್ಕೇ ಒಂದು ಭಂಗಿಗೆ ಎರಡು ಹೆಸರು.

ಗಂಗೋತ್ರಿ ಹಾಸ್ಟೆಲ್

ಅಕ್ಕ, ಎಲೆಕ್ಟ್ರಾನ್ ಸ್ಪಿನ್ನಿನಲ್ಲೂ 360 ಡಿಗ್ರಿ ತಿರುಗಿಸಿದರೆ ಮೈನಸ್ ಬರುತ್ತದೆ, 720 ಆದರೆ ಮಾತ್ರ ಮೊದಲಿನಂತೆ ಅಂತ ಓದಿದ್ದೇವೆ. ಅದೂ ಇದೇನಾ?

ಕೈಯಂತ್ರ

ಇದೇ. ಒಂದು ಲೋಟ ನೀರು ತಗೊಳ್ಳಿ, ತುಂಬಾ ಬೇಡ. ಅಂಗೈ ಮೇಲೆ ಇಟ್ಟುಕೊಳ್ಳಿ. ನೀರು ಚೆಲ್ಲದೆ, ಅಂಗೈ ಮೇಲ್ಮುಖವಾಗಿಯೇ ಇಟ್ಟು, ಕೈಯನ್ನು ಕಂಕುಳ ಕೆಳಗಿನಿಂದ ಒಂದು ಸುತ್ತು ತನ್ನಿ. ಲೋಟ 360 ಡಿಗ್ರಿ ತಿರುಗಿತು, ಆದರೆ ಮೊಣಕೈ ಆಕಾಶ ನೋಡುತ್ತಿರುತ್ತದೆ, ತೋಳು ತಿರುಚಿಕೊಂಡಿರುತ್ತದೆ. ಹಿಂದೆ ಬರಬೇಡಿ. ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು, ಈಗ ತಲೆಯ ಮೇಲಿನಿಂದ. ತೋಳು ತಾನಾಗಿ ಬಿಚ್ಚಿಕೊಳ್ಳುತ್ತದೆ.

1975ರಲ್ಲಿ ನ್ಯೂಟ್ರಾನ್ ಕಿರಣವನ್ನು ಎರಡಾಗಿ ಸೀಳಿ, ಒಂದು ಭಾಗದ ಸ್ಪಿನ್ನನ್ನು ಕಾಂತಕ್ಷೇತ್ರದಲ್ಲಿ ತಿರುಗಿಸಿ, ಮತ್ತೆ ಸೇರಿಸಿ ನೋಡಿದರು. 360ಕ್ಕೆ ಮೈನಸ್ ನಿಜವಾಗಿಯೂ ಕಂಡಿತು. ನನ್ನ ಟ್ರೇ ಬೀಳಿಸಿದ ಮೈನಸ್ ಅದೇ.

ಕುಕ್ಕರಹಳ್ಳಿ ಏರಿ

ಚರ್ಚೆ ಚೆನ್ನಾಗಿ ಸಾಗಿದೆ. ನಾನು ಗಣಿತದ ಅಧ್ಯಾಪಕ. ಸ್ವಲ್ಪ ಇತಿಹಾಸ, ಆಮೇಲೆ ಒಂದು ತಕರಾರು.

ಹ್ಯಾಮಿಲ್ಟನ್ ಕ್ವಾಟರ್ನಿಯನ್ ಕಂಡುಹಿಡಿದದ್ದು 1843ರ ಅಕ್ಟೋಬರ್ 16, ಡಬ್ಲಿನ್‌ನಲ್ಲಿ. ಮರುವರ್ಷವೇ ಆಗಿನ ಪ್ರಷ್ಯಾದ (ಈಗಿನ ಪೋಲೆಂಡಿನ) ಸ್ಟೆಟ್ಟಿನ್‌ನಲ್ಲಿ ಹರ್ಮನ್ ಗ್ರಾಸ್‌ಮನ್ ಅನ್ನುವ ಶಾಲಾ ಮೇಷ್ಟ್ರು ∧ ಗುಣಾಕಾರದ ಪೂರ್ತಿ ಸಿದ್ಧಾಂತ ಅಚ್ಚು ಹಾಕಿಸಿದರು. ಓದುವವರೇ ಸಿಗಲಿಲ್ಲ. 1862ರಲ್ಲಿ ತಿದ್ದಿ ಬರೆದರು, ಆಗಲೂ ಸಿಗಲಿಲ್ಲ. ಅವರು ಸಂಸ್ಕೃತದ ಕಡೆ ಹೊರಳಿ ಋಗ್ವೇದಕ್ಕೆ ನಿಘಂಟು ಮಾಡಿದರು. ಇವತ್ತೂ ವೇದ ಓದುವ ವಿದ್ವಾಂಸರು ಅದನ್ನು ತೆಗೆದು ನೋಡುತ್ತಾರೆ. ವೆಕ್ಟರ್ ಸ್ಪೇಸ್ ಪಾಠ ಮಾಡುವ ಪ್ರತಿ ವರ್ಷ ನಾನು ಇವರನ್ನು ನೆನೆಯುತ್ತೇನೆ.

ಎರಡನ್ನೂ ಸೇರಿಸಿದವರು ಇಂಗ್ಲೆಂಡಿನ ಕ್ಲಿಫರ್ಡ್, 1878ರಲ್ಲಿ. ಮರುವರ್ಷವೇ ಕ್ಷಯದಿಂದ ತೀರಿಕೊಂಡರು. ವಯಸ್ಸು 33. ಆಮೇಲೆ ಗಿಬ್ಸ್ ಮತ್ತು ಹೆವಿಸೈಡ್ ಡಾಟ್, ಕ್ರಾಸ್ ಎಂದು ಎರಡು ತುಂಡು ಮಾಡಿದ ಲೆಕ್ಕ ಎಲ್ಲ ಕಡೆ ಹರಡಿತು. ಕ್ಲಿಫರ್ಡ್ ಇನ್ನು ಹತ್ತು ವರ್ಷ ಬದುಕಿದ್ದರೆ ಪಿಯು ಪುಸ್ತಕವೇ ಬೇರೆ ಇರುತ್ತಿತ್ತೇನೋ ಅನ್ನಿಸುತ್ತದೆ. 1928ರಲ್ಲಿ ಡಿರಾಕ್ ಎಲೆಕ್ಟ್ರಾನಿನ ಸಮೀಕರಣಕ್ಕೆ ನಾಲ್ಕು ಮ್ಯಾಟ್ರಿಕ್ಸ್ ತಂದಾಗ ಬಂದದ್ದು ಕ್ಲಿಫರ್ಡನ ನಿಯಮವೇ. ಆ ಮ್ಯಾಟ್ರಿಕ್ಸ್‌ಗಳನ್ನು ದೇಶಕಾಲದ ದಿಕ್ಕುಗಳೆಂದೇ ಓದಬೇಕು ಎಂದು 1966ರಲ್ಲಿ ಹಿಡಿದು ಹೇಳಿದವರು ಅಮೆರಿಕದ ಡೇವಿಡ್ ಹೆಸ್ಟೆನೆಸ್. ಕ್ಯಾಲ್ಕುಲಸ್ ಕಟ್ಟಿದ ದೊಡ್ಡ ಪುಸ್ತಕವನ್ನು 1984ರಲ್ಲಿ ಅವರು ಗ್ಯಾರೆಟ್ ಸೊಬ್‌ಚಿಕ್ ಜೊತೆ ಹೊರತಂದರು.

ಈಗ ತಕರಾರು. ಇದರಲ್ಲಿ ಹೆಚ್ಚಿನದನ್ನು ಕಾರ್ಟಾನ್‌ನ ಡಿಫರೆನ್ಷಿಯಲ್ ಫಾರ್ಮ್ಸ್ (ಗೆರೆ, ಮೇಲ್ಮೈಗಳ ಮೇಲೆ ಇಂಟಿಗ್ರಲ್ ಮಾಡುವ ಇನ್ನೊಂದು ಭಾಷೆ) ಆಗಲೇ ಮಾಡುತ್ತದೆ. ಅದಕ್ಕೆ ಉದ್ದ, ಕೋನ ಯಾವುದೂ ಬೇಡ. ಜಾಮೆಟ್ರಿಕ್ ಆಲ್ಜೀಬ್ರ ಶುರುವಾಗುವುದೇ ಉದ್ದದ ವರ್ಗದಿಂದ. ಉದ್ದ ಅಳೆಯಲಾಗದ ಜಾಗದಲ್ಲಿ ಅದು ನಿಲ್ಲುತ್ತದೆ. ಮೇಲಾಗಿ ಪ್ರಪಂಚದ ಗಣಿತಜ್ಞರು ಬರೆಯುವುದು ಫಾರ್ಮ್ಸ್ ಭಾಷೆಯಲ್ಲಿ. ಈ ಹುಡುಗ ನಾಳೆ ಪಿಎಚ್‌ಡಿ ಮಾಡುವಾಗ ಅದನ್ನು ಓದಲೇಬೇಕು. ಮೊದಲು ಅದನ್ನು ಕಲಿಯಲಿ ಎನ್ನುವುದು ನನ್ನ ಅಭಿಪ್ರಾಯ.

ನಾಲೆ ಬಯಲು ಮೇಷ್ಟ್ರು

ಸರ್, ಗ್ರಾಸ್‌ಮನ್ ವಿಷಯ ಬರೆದದ್ದಕ್ಕೆ ನಮಸ್ಕಾರ. ನಾನೂ ಶಾಲೆ ಮೇಷ್ಟ್ರೇ, ಓದುತ್ತಾ ಕಣ್ಣು ತುಂಬಿತು. ಫಾರ್ಮ್ಸ್ ಕಲಿಯಲಿ, ಖಂಡಿತ. ಆದರೆ ಕ್ಯಾಲ್ಕುಲಸ್‌ನ ಮುಖ್ಯ ಪ್ರಮೇಯವನ್ನು ಗದ್ದೆಯಲ್ಲಿ ನಿಂತು ತೋರಿಸುತ್ತೇನೆ, ಅದು ಎರಡು ಕಡೆಗೂ ಬೇಕು.

ನಮ್ಮ ಒಂದು ಗದ್ದೆಗೆ ನಾಲ್ಕು ಮೂಲೆ, ನಾಲ್ಕೂ ಸೊಟ್ಟ. ನಾಲೆಯ ತೂಬು ಇರುವ ಮೂಲೆಯಿಂದ ಅಳೆಯುತ್ತೇವೆ. ಸರ್ವೆ ಸರಪಳಿ 33 ಅಡಿ. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ, 1089 ಚದರಡಿ. ಎರಡನೇ ಮೂಲೆ ತೂಬಿನಿಂದ ಪೂರ್ವಕ್ಕೆ 3 ಸರಪಳಿ. ಮೂರನೆಯದು ಪೂರ್ವಕ್ಕೆ 4, ಉತ್ತರಕ್ಕೆ 2. ನಾಲ್ಕನೆಯದು ಪೂರ್ವಕ್ಕೆ 1, ಉತ್ತರಕ್ಕೆ 3. ಗಡಿಯ ಮೇಲೆ ನಡೆಯುತ್ತಾ ಪ್ರತಿ ಮೂಲೆಯನ್ನು ಮುಂದಿನ ಮೂಲೆಯ ಜೊತೆ ∧ ಮಾಡುತ್ತಾ ಹೋಗು: ಈ ಮೂಲೆಯ ಪೂರ್ವ ಸಲ ಮುಂದಿನದರ ಉತ್ತರ, ಅದರಿಂದ ಈ ಮೂಲೆಯ ಉತ್ತರ ಸಲ ಮುಂದಿನದರ ಪೂರ್ವ ಕಳೆ. ತೂಬು ಸೇರಿದ ಎರಡು ಬದಿಗೆ ಸೊನ್ನೆ. ಎರಡನೆಯದರಿಂದ ಮೂರನೆಯದಕ್ಕೆ 3×2 = 6. ಮೂರನೆಯದರಿಂದ ನಾಲ್ಕನೆಯದಕ್ಕೆ 4×3 − 2×1 = 10. ಒಟ್ಟು 16, ಅದರ ಅರ್ಧ 8. ಗದ್ದೆ 8 ಗುಂಟೆ. ಉಲ್ಟಾ ಸುತ್ತಿದರೆ −8. ಒಳಗೆ ಕಾಲಿಡಲೇ ಇಲ್ಲ. ಕೆಸರು ತುಂಬಿದ್ದರೂ, ಪೈರು ನಿಂತಿದ್ದರೂ ಪರವಾಗಿಲ್ಲ.

ಯಾಕೆ ಹೀಗಾಗುತ್ತದೆ? ಗದ್ದೆಯೊಳಗೆ ಬದು ಹಾಕಿ ಸಣ್ಣ ಸಣ್ಣ ಮಡಿ ಮಾಡಿದ್ದೀಯ ಅಂದುಕೋ. ಒಂದೊಂದು ಮಡಿಯನ್ನೂ ಎಡಕ್ಕೆ ಸುತ್ತು. ಎರಡು ಮಡಿಯ ನಡುವಿನ ಬದುವಿನ ಮೇಲೆ ಎರಡು ಸಲ ನಡೆಯುತ್ತೀಯ, ಒಂದು ಸಲ ಹೋಗುತ್ತಾ, ಇನ್ನೊಂದು ಸಲ ಬರುತ್ತಾ. ಎರಡೂ ಹೊಡೆದುಹೋಗುತ್ತವೆ. ಕೊನೆಗೆ ಉಳಿಯುವುದು ಹೊರಗಿನ ಗಡಿ ಮಾತ್ರ. ಮಡಿಯೊಳಗಿನ ಬದಲಾವಣೆಯನ್ನು ಅಳೆಯುವುದು ∇. ಒಳಗಿನ ಎಲ್ಲ ∇ ಗಳನ್ನು ಕೂಡಿಸಿದರೆ ಗಡಿಯ ಲೆಕ್ಕ ಬರುತ್ತದೆ. ಗ್ರೀನ್, ಗಾಸ್, ಸ್ಟೋಕ್ಸ್ ಅಂತ ಡಿಗ್ರಿಯಲ್ಲಿ ಬೇರೆ ಬೇರೆ ಕಲಿಯುವುದೆಲ್ಲ ಈ ಬದುವಿನ ಲೆಕ್ಕವೇ. ಸಮತಲದಲ್ಲಿ ∇ ಹಾಕಿದರೆ ಸೊನ್ನೆ ಬರುವ ಫಂಕ್ಷನ್ ತಗೊಂಡರೆ ಗಡಿಯ ಲೆಕ್ಕವೂ ಸೊನ್ನೆ, ಅದೇ ಕೌಶಿ ಪ್ರಮೇಯ.

ಕುಕ್ಕರಹಳ್ಳಿ ಏರಿ

ಬದುವಿನ ಉದಾಹರಣೆಯನ್ನು ನಾಳೆಯೇ ಕ್ಲಾಸಿನಲ್ಲಿ ಬಳಸುತ್ತೇನೆ ಮೇಷ್ಟ್ರೇ. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು, ಅದು ನನ್ನ ತಕರಾರಿಗೆ ವಿರುದ್ಧ.

ದೇಶಕಾಲಕ್ಕೆ ದಿಕ್ಕು ನಾಲ್ಕು. ನಾಲ್ಕರಲ್ಲಿ ಎರಡು ಆರಿಸಿದರೆ ಸಮತಲ ಆರು. ಕಾಲವನ್ನು ಒಳಗೊಂಡ ಮೂರು ಸಮತಲ ವಿದ್ಯುತ್ ಕ್ಷೇತ್ರ. ಒಳಗೊಳ್ಳದ ಮೂರು ಕಾಂತಕ್ಷೇತ್ರ. ಆರೂ ಸೇರಿ ಎಫ್ ಅನ್ನುವ ಒಂದೇ ಬೈವೆಕ್ಟರ್. ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಬರೀ ವಿದ್ಯುತ್ ಕ್ಷೇತ್ರ ಕಂಡರೆ, ಓಡುವ ರೈಲಿನಲ್ಲಿ ಕೂತವನಿಗೆ ಸ್ವಲ್ಪ ಕಾಂತಕ್ಷೇತ್ರವೂ ಕಾಣುತ್ತದೆ. ಸಮತಲ ಅದೇ, ನೋಡುವ ಓರೆ ಬೇರೆ. ಮ್ಯಾಕ್ಸ್‌ವೆಲ್ ಪೂರ್ತಿ ಒಂದೇ ಸಾಲು: ∇ಎಫ್ = ಜೆ. ಜೆ ಅಂದರೆ ಚಾರ್ಜು ಮತ್ತು ಕರೆಂಟು.

ಫಾರ್ಮ್ಸ್‌ನಲ್ಲಿ ಇದು ಎರಡು ಸಮೀಕರಣವಾಗಿಯೇ ಉಳಿಯುತ್ತದೆ. ಇದು ಬರೀ ಜಾಗ ಉಳಿಸುವ ಮಾತಲ್ಲ. ಡೈವರ್ಜೆನ್ಸ್ (ಕ್ಷೇತ್ರ ಹೊರಕ್ಕೆ ಹರಡುವ ಅಳತೆ) ಒಂದೇ ಗೊತ್ತಿದ್ದರೆ ಕ್ಷೇತ್ರ ವಾಪಸ್ ಸಿಗುವುದಿಲ್ಲ. ಕರ್ಲ್ (ಕ್ಷೇತ್ರ ಸುತ್ತುವ ಅಳತೆ) ಒಂದೇ ಗೊತ್ತಿದ್ದರೂ ಸಿಗುವುದಿಲ್ಲ. ಎರಡೂ ಸೇರಿದ ∇ ಅನ್ನು ಮಾತ್ರ ತಿರುಗಿಸಬಹುದು. ಗಡಿಯಲ್ಲಿ ಏನಿದೆ ಎಂದು ಗೊತ್ತಿದ್ದರೆ, ಜೆ ಇಂದ ಎಫ್ ಅನ್ನು ನೇರವಾಗಿ ಇಂಟಿಗ್ರಲ್ ಆಗಿ ಬರೆಯಬಹುದು. ಕೌಶಿಯ ಸೂತ್ರ ಸಮತಲದಲ್ಲಿ ಮಾಡುವುದೂ ಅದನ್ನೇ, ಗಡಿಯ ಬೆಲೆಯಿಂದ ಒಳಗಿನ ಬೆಲೆ. ಇಲ್ಲಿ ಹೆಸ್ಟೆನೆಸ್ ಮಾತಿಗೆ ತೂಕ ಇದೆ. ನಾನು ಒಪ್ಪುತ್ತೇನೆ.

ಪಿಯು ಎರಡನೇ ವರ್ಷ

ಗದ್ದೆಯ ಲೆಕ್ಕದಲ್ಲಿ 16 ಬಂತು, ಅರ್ಧ ಮಾಡಿದಿರಿ. ಆ ಅರ್ಧ ಯಾಕೆ ಮೇಷ್ಟ್ರೇ? ತ್ರಿಕೋನ ಆಗಿರುವುದರಿಂದಾನಾ?

ನಾಲೆ ಬಯಲು ಮೇಷ್ಟ್ರು

ಹೌದಮ್ಮ, ತೂಬಿನಿಂದ ನೋಡಿದರೆ ಎಲ್ಲವೂ ತ್ರಿಕೋನವೇ. ಆದರೆ ತ್ರಿಕೋನಕ್ಕೆ ಅರ್ಧ ಯಾಕೆ ಅಂತ ∇ ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತದೆ. ಗಂಗೋತ್ರಿಯ ಹುಡುಗ ಪ್ರಯತ್ನ ಮಾಡಲಿ. ತೂಬಿನಿಂದ ನೀನು ನಿಂತ ಜಾಗಕ್ಕೆ ಎಳೆದ ವೆಕ್ಟರ್ ಸ. ∇ಸ ಎಷ್ಟು?

ಗಂಗೋತ್ರಿ ಹಾಸ್ಟೆಲ್

ರಾತ್ರಿ ಮೆಸ್ಸಿನಿಂದ ಬಂದು ಕೂತೆ. ಅದಕ್ಕೂ ಮುಂಚೆ ಲೋಟದ ಪ್ರಯೋಗ ಮಾಡಿದೆವು. ನಮ್ಮ ಟೇಬಲ್ಲಿನ ಆರು ಜನರೂ ಮಾಡಿದರು, ಎರಡನೇ ಸುತ್ತಿಗೆ ತೋಳು ಬಿಚ್ಚಿಕೊಂಡಾಗ ಎಲ್ಲರೂ ಸುಮ್ಮನಾಗಿಬಿಟ್ಟರು.

ಲೆಕ್ಕ ಇದು. ಪೂರ್ವಕ್ಕೆ ಸ್ವಲ್ಪ ಸರಿದರೆ ಸ ಬದಲಾಗುವುದು ಪೂ ದಿಕ್ಕಿನಲ್ಲಿ. ಉತ್ತರಕ್ಕೆ ಸರಿದರೆ ಉ ದಿಕ್ಕಿನಲ್ಲಿ. ಹಾಗಾಗಿ ∇ಸ = ಪೂ ಪೂ + ಉ ಉ = 1 + 1 = 2. ಗದ್ದೆಯ ಪ್ರತಿ ಚೂರಿನಲ್ಲೂ ∇ಸ 2. ಗಡಿ ಸುತ್ತಿದರೆ ವಿಸ್ತೀರ್ಣದ ಎರಡರಷ್ಟು ಬರಲೇಬೇಕು. ಅರ್ಧ ಬಂದದ್ದು ಅದರಿಂದ.

ಅಲ್ಲಿಗೆ ನಿಲ್ಲಿಸಲು ಆಗಲಿಲ್ಲ. ಮೂರು ದಿಕ್ಕಿದ್ದರೆ ∇ಸ = 3. ಆಗ ಗಡಿಯ ಲೆಕ್ಕ ಘನಫಲದ ಮೂರರಷ್ಟು. ಕಣದಲ್ಲಿ ಭತ್ತದ ರಾಶಿ ಹಾಕಿದ್ದೇವೆ ಅಂದುಕೊಂಡೆ, ಶಂಕುವಿನ ಆಕಾರ. ತುದಿಯಿಂದ ಸ ಎಳೆದರೆ ಅದು ರಾಶಿಯ ಇಳಿಜಾರಿನ ಮೇಲೇ ಮಲಗುತ್ತದೆ. ಅಡ್ಡ ದಾಟುವುದಿಲ್ಲ, ಅಲ್ಲಿ ಸೊನ್ನೆ. ಉಳಿದದ್ದು ನೆಲ ಮಾತ್ರ: ಎತ್ತರ ಸಲ ತಳದ ವಿಸ್ತೀರ್ಣ. ಮೂರರಿಂದ ಭಾಗಿಸಿದರೆ ಘನಫಲ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಮೂರನೇ ಒಂದು! ತ್ರಿಕೋನದ ಅರ್ಧ, ಶಂಕುವಿನ ಮೂರನೇ ಒಂದು, ಎರಡೂ ಒಂದೇ ಜಾಗದಿಂದ ಬಂದವು ಅಂತ ಇವತ್ತು ರಾತ್ರಿ ಗೊತ್ತಾಯಿತು.

ನಾಲೆ ಬಯಲು ಮೇಷ್ಟ್ರು

ಸರಿಯಾಗಿದೆ ಮಗು, ಒಂದಕ್ಷರ ತಿದ್ದುವುದಿಲ್ಲ. ರಾಶಿ ಅಂದೆಯಲ್ಲ, ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಧಾನ್ಯದ ರಾಶಿ ಅಳೆಯುವ ಲೆಕ್ಕ ಇದೆ. ಸುತ್ತಳತೆಯನ್ನು ಆರರಿಂದ ಭಾಗಿಸು, ವರ್ಗ ಮಾಡು, ಎತ್ತರದಿಂದ ಗುಣಿಸು. ಪೈ ಅನ್ನು 3 ಅಂತ ಇಟ್ಟುಕೊಂಡರೆ ನಿನ್ನ ಮೂರನೇ ಒಂದು ಅದರ ಜೊತೆ ಹೊಡೆದುಹೋಗುತ್ತದೆ. ಸುತ್ತಳತೆ 18 ಅಡಿ, ಎತ್ತರ 4 ಅಡಿ ಇದ್ದರೆ 3 ರ ವರ್ಗ 9, ನಾಲ್ಕರಿಂದ ಗುಣಿಸಿದರೆ 36 ಘನ ಅಡಿ. ಪೈ ಪೂರ್ತಿ ಹಾಕಿದರೆ ಸುಮಾರು 34.4. ಕಣದಲ್ಲಿ ಒಂದು ಹಗ್ಗ ಇಟ್ಟುಕೊಂಡು ಮಾಡುವ ಲೆಕ್ಕಕ್ಕೆ ಇಷ್ಟು ಹತ್ತಿರ.

ಗಂಗೋತ್ರಿ ಹಾಸ್ಟೆಲ್

ಊರಲ್ಲಿ ಈ ವಾರ ಒಕ್ಕಣೆ ಮುಗಿಯುತ್ತದೆ ಮೇಷ್ಟ್ರೇ. ಶನಿವಾರ ಸಂಜೆಯ ರೈಲಿಗೆ ಹೊರಟಿದ್ದೇನೆ. ಹಗ್ಗ ಅಪ್ಪನ ಹತ್ತಿರ ಇದೆ. ಚೀಲಕ್ಕೆ ತುಂಬುವ ಮುಂಚೆ ಸುತ್ತಳತೆ, ಎತ್ತರ ಎರಡೂ ತಗೊಂಡು, ಎಷ್ಟು ಚೀಲ ಆಯಿತು ಅಂತ ಇಲ್ಲೇ ಬರೆಯುತ್ತೇನೆ.